ಸ್ಟೇರಿಂಗಿಗೆ ತೂಗುಹಾಕಿದ ಪ್ರಸಾದ

ಅಂದು ರಸ್ತೆಗೆ ಯಾವ ನಾಯಿಯೂ ಅಡ್ಡ ಬಂದಿರಲಿಲ್ಲ.

ನಾಯಿ ಅಡ್ಡ ಬಂತು, ಅದನ್ನು ತಪ್ಪಿಸಲು ಹೋಗಿ ಕಾರು ಹೊಂಡಕ್ಕೆ ಇಳಿಯಿತು — ಹೀಗೆ ಹೇಳಿದ್ದು ನಾನೇ. ಗಂಡ ನಂಬಿದರು, ಆಸ್ಪತ್ರೆಯವರು ನಂಬಿದರು. ಶಾಲೆಯಲ್ಲಿ ಜೊತೆಗಿರುವವರು ನಂಬಿದ್ದಲ್ಲದೆ, ಮೂಕಪ್ರಾಣಿಯ ಮೇಲೆ ನನಗಿರುವ ಕರುಣೆಯನ್ನು ಹೊಗಳಿಯೂ ಬಿಟ್ಟರು. ಎಲ್ಲರಿಗಿಂತ ಹೆಚ್ಚು ನಂಬಿದವರು ವಾರಿಜಕ್ಕ. ಅವರು ನನ್ನ ಗಂಡನ ಅಕ್ಕ, ಆ ದಿನ ನನ್ನ ಪಕ್ಕದ ಸೀಟಿನಲ್ಲಿ ಕೂತಿದ್ದವರು, ಎಡಭುಜ ಮುರಿದುಕೊಂಡವರು. ಇಲ್ಲದ ಆ ನಾಯಿಗೆ ಅವರು ಒಂದು ಬೈಗುಳವನ್ನೂ ಬೈಯಲಿಲ್ಲ. ಪಾಪ, ಅದಕ್ಕೇನು ರಸ್ತೆ ಗೊತ್ತುಂಟಾ ಎಂದರು.

ಇನ್ನೊಂದು ಸುಳ್ಳು ಇದಕ್ಕಿಂತ ಚಿಕ್ಕದು, ಒಂದೇ ಮಾತಿನದು — ಆದರೆ ನನ್ನನ್ನು ಹೆಚ್ಚು ಕಾಡಿದ್ದು ಅದೇ. ಸ್ಟೇರಿಂಗಿಗೆ ತೂಗುಹಾಕಿದ್ದ ಪ್ರಸಾದದ ಚೀಲವೇ ನಮ್ಮಿಬ್ಬರ ಜೀವ ಉಳಿಸಿತು ಎಂದು ವಾರಿಜಕ್ಕ ಆಸ್ಪತ್ರೆಯ ಮಂಚದ ಮೇಲೆ ಮಲಗಿಕೊಂಡು ಹೇಳಿದಾಗ ನಾನು "ಹೌದು" ಎಂದೆ. ಆ ಚೀಲವನ್ನು ನಾನು ಅಲ್ಲಿ ತೂಗುಹಾಕಿದ್ದು ಭಕ್ತಿಯಿಂದಲ್ಲ. ಕಾರಿನ ಕಣ್ಣಿಗೆ ಮಣ್ಣೆರಚಲು.

ಅದು ಹೇಗೆಂದು ಹೇಳಬೇಕಾದರೆ ಮೊದಲು ನನ್ನ ಸ್ವಭಾವ ಹೇಳಬೇಕು. ನಾನು ಬೆಳ್ತಂಗಡಿಯ ಹತ್ತಿರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಚಿಕ್ಕಂದಿನಲ್ಲಿ ಅಪ್ಪನ ರೇಡಿಯೊ ಬಿಚ್ಚಿ, ಒಳಗೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡವಳು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಳ್ಳುವುದು ಎಂದರೆ ಇವಳೇ ಎಂದು ಅಮ್ಮ ಬೈಯುತ್ತಿದ್ದರು. ಹೀಗೆ ಮಾಡಿದರೆ ಏನಾಗುತ್ತದೆ — ಈ ಪ್ರಶ್ನೆ ಒಮ್ಮೆ ತಲೆಗೆ ಹೊಕ್ಕರೆ ಮಾಡಿ ನೋಡುವವರೆಗೆ ನನಗೆ ಅನ್ನ ಸೇರುವುದಿಲ್ಲ. ಮಕ್ಕಳಿಗೆ ಇದನ್ನೇ ಒಳ್ಳೆಯ ಗುಣ ಎಂದು ಕಲಿಸಿದ್ದೇನೆ. ಈಗಲೂ ಅದು ಒಳ್ಳೆಯದೇ ಎಂದು ನನಗೆ ಅನ್ನಿಸುತ್ತದೆ, ಆದರೆ…

ಕೆಲವು ವರ್ಷಗಳ ಹಿಂದೆ ಗಂಡ ಗಲ್ಫಿನಿಂದ ರಜೆಯಲ್ಲಿ ಬಂದಾಗ ಕಾರು ಕೊಂಡರು. ರಜೆ ಮುಗಿಸಿ ಅವರು ಹೋದರು, ಕಾರು ನನ್ನ ಕೈಗೆ ಬಂತು. ಅದು ಸಾಮಾನ್ಯ ಕಾರಲ್ಲ. ಮುಂದಿನ ಗಾಜಿನ ಮೇಲ್ಭಾಗದಲ್ಲಿ, ಕನ್ನಡಿಯ ಹಿಂದೆ ಒಂದು ಕ್ಯಾಮೆರಾ ಕೂತು ರಸ್ತೆಯ ಬಿಳಿ ಗೆರೆಗಳನ್ನು ನೋಡುತ್ತಿರುತ್ತದೆ. ಕಾರು ಗೆರೆ ದಾಟುವಂತಾದರೆ ಸ್ಟೇರಿಂಗ್ ತಾನಾಗಿಯೇ ಮೆಲ್ಲನೆ ತಿರುಗಿ ಕಾರನ್ನು ನಡುವಿಗೆ ತರುತ್ತದೆ. ಮುಂದಿನ ಗಾಡಿ ನಿಧಾನವಾದರೆ ಇದೂ ನಿಧಾನವಾಗುತ್ತದೆ. ಶೋರೂಮಿನವರು ಇದನ್ನೆಲ್ಲ ತೋರಿಸಿ, ಇದು ನಿಮಗೆ ಸಹಾಯಕ್ಕೆ ಮಾತ್ರ, ಕೈ ಯಾವಾಗಲೂ ಸ್ಟೇರಿಂಗಿನ ಮೇಲೆಯೇ ಇರಬೇಕು ಎಂದು ಎರಡೆರಡು ಸಲ ಹೇಳಿದರು. ಕೈ ತೆಗೆದರೆ ಬೀಪ್ ಎಂದು ಕೂಗುತ್ತದೆಂದೂ ಹೇಳಿದರು. ನನ್ನ ಕಿವಿಗೆ ಬಿದ್ದದ್ದು ಒಂದೇ. ಕೈ ಇದೆಯೋ ಇಲ್ಲವೋ ಎಂದು ಅದಕ್ಕೆ ಹೇಗೆ ಗೊತ್ತಾಗುತ್ತದೆ?

ನಿಜವಾಗಿ, ಹೇಗೆ? ಕೈಯ ಬಿಸಿಯಿಂದಲೇ? ಬೆವರಿನಿಂದಲೇ? ಫರಂಗಿಪೇಟೆಯಿಂದ ಬಿ.ಸಿ. ರೋಡಿನವರೆಗೆ ಗೆರೆಗಳು ಸ್ಪಷ್ಟವಾಗಿದ್ದ ರಸ್ತೆಯಲ್ಲಿ, ಒಬ್ಬಳೇ ಹೋಗುವಾಗ ಪರೀಕ್ಷೆ ಶುರುಮಾಡಿದೆ. ಸೆರಗಿನ ತುದಿ ಸುತ್ತಿ ಹಿಡಿದು ನೋಡಿದೆ — ಸುಮ್ಮನಿತ್ತು. ಒಂದು ಬೆರಳಿನ ಭಾರ ಹಾಕಿದೆ — ಆಗಲೂ ಸುಮ್ಮನಿತ್ತು. ಎರಡೂ ಅಂಗೈಗಳನ್ನು ಮುಟ್ಟಿಯೂ ಮುಟ್ಟದಂತೆ ಇಟ್ಟೆ. ಕೂಗಿತು. ಹಾಗಾದರೆ ಅದಕ್ಕೆ ಬೇಕಾದ್ದು ಕೈಯಲ್ಲ, ಸ್ಟೇರಿಂಗನ್ನು ಒಂದು ಬದಿಗೆ ಚೂರು ಜಗ್ಗುವ ಭಾರ. ಇಷ್ಟು ತಿಳಿದಾಗ ಆದ ಸಂತೋಷವನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ. ಅಂದಂತೂ ದಾರಿಯುದ್ದಕ್ಕೂ ಒಬ್ಬಳೇ ನಗುತ್ತಿದ್ದೆ.

ಅದೇ ದಿನಗಳಲ್ಲಿ ವಾರಿಜಕ್ಕನ ಹೋಟೆಲಿಗೆ ಕುಚ್ಚಲಕ್ಕಿಯ ಚೀಲ ತಲುಪಿಸಬೇಕಿತ್ತು. ವಾರಿಜಕ್ಕ ಮತ್ತು ಭಾವ ಲಾಯಿಲದಲ್ಲಿ ಹೋಟೆಲು ನಡೆಸುತ್ತಾರೆ. ಮನೆ ಅದರ ಹಿಂದೆಯೇ. ಹಿಂದಿನ ಸೀಟಿನ ಮೇಲೆ ಬೇರೆ ಸಾಮಾನುಗಳಿದ್ದವೆಂದು ಅಕ್ಕಿಯನ್ನು ಮುಂದೆ ನನ್ನ ಪಕ್ಕದಲ್ಲಿ ಕೂರಿಸಿದೆ. ಕಾರು ಒಂದೇ ಸಮನೆ ಕೂಗತೊಡಗಿತು. ಪಕ್ಕದಲ್ಲಿ ಕೂತವರು ಬೆಲ್ಟು ಹಾಕಿಲ್ಲವೆಂದು ಅದರ ದೂರು. ಅಕ್ಕಿಚೀಲಕ್ಕೆ ಬೆಲ್ಟು ಹಾಕಿದ ಮೇಲೆ ಸುಮ್ಮನಾಯಿತು. ಹೋಟೆಲಿನ ಮುಂದೆ ಬೆಲ್ಟು ಬಿಚ್ಚಿ ಚೀಲ ಇಳಿಸುವುದನ್ನು ನೋಡಿ ವಾರಿಜಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮದುಮಗಳನ್ನು ಇಳಿಸುವ ಹಾಗೆ ಇಳಿಸುತ್ತಿದ್ದಾಳೆ ಎಂದು ಗಿರಾಕಿಗಳಿಗೆ ತೋರಿಸಿದರು. ಈ ಕಾರಿಗೆ ಭಾರ ಗೊತ್ತು, ಮನುಷ್ಯರು ಗೊತ್ತಿಲ್ಲ ಎಂದು ನಾನು ಅವರಿಗೆ ವಿವರಿಸಿದೆ. ಆ ಮಾತನ್ನು ನಾನೇ ಇನ್ನೊಂದು ಚೂರು ಯೋಚಿಸಬೇಕಿತ್ತು.

ಪ್ರಸಾದದ ಚೀಲದ ವಿಷಯ ಗೊತ್ತಾದದ್ದು ಆಕಸ್ಮಿಕ. ಒಂದು ದಿನ ದೇವಸ್ಥಾನದಿಂದ ಬರುವಾಗ ತೆಂಗಿನಕಾಯಿಯ ಕಡಿ, ಬಾಳೆಹಣ್ಣು, ಹೂವು ಇದ್ದ ಬಟ್ಟೆಚೀಲವನ್ನು ಎಲ್ಲಿಡುವುದೆಂದು ತೋಚಲಿಲ್ಲ. ಕಾಲ ಬಳಿ ಇಡುವಂತಿಲ್ಲ, ಜನ ಕೂರುವ ಸೀಟಿನ ಮೇಲೂ ಇಡುವ ಕ್ರಮವಿಲ್ಲ. ಸ್ಟೇರಿಂಗಿನ ಎಡಗಡೆಗೆ ಸಿಕ್ಕಿಸಿ ಹೊರಟೆ. ಹೆದ್ದಾರಿಯಲ್ಲಿ ಕನ್ನಡಕ ಒರೆಸಿಕೊಳ್ಳಲು ಕೈ ತೆಗೆದರೆ — ಕೂಗಲಿಲ್ಲ. ಕಾದೆ, ಕೂಗಲಿಲ್ಲ. ಅರ್ಧ ತೆಂಗಿನಕಾಯಿಯನ್ನು ಕಾರು ನನ್ನ ಕೈ ಎಂದು ತಿಳಿದುಕೊಂಡಿತ್ತು! ಅಂದಿನಿಂದ ನಾನು ದೇವಸ್ಥಾನಕ್ಕೆ ಹೋಗುವುದು ಜಾಸ್ತಿಯಾಯಿತು ಎಂದರೆ ಅದು ತಮಾಷೆಯಲ್ಲ. ಕಾಯಿಯ ಕಡಿ ಹಳತಾದರೆ ಹೊಸದು ಬೇಕಾಗುತ್ತಿತ್ತು.

ಒಬ್ಬಳೇ ಇದ್ದಾಗ ಆಡಿದ ಆಟ ಅದು. ನನ್ನ ಜೀವದೊಂದಿಗೆ ನಾನು ಆಡಿದೆ ಎಂದು ಅಲ್ಲಿಗೆ ಬಿಡಬಹುದಿತ್ತೋ ಏನೋ — ಇಲ್ಲ, ಅದೂ ಸರಿಯಲ್ಲ, ರಸ್ತೆಯಲ್ಲಿ ಉಳಿದವರೂ ಇದ್ದರಲ್ಲ. ಆದರೂ ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು, ಅವರಿಗೆ ಒಂದು ಮಾತೂ ಹೇಳದೆ ಮಾಡಿದ್ದು ಬೇರೆಯೇ.

ವಾರಿಜಕ್ಕನ ಮಗಳು ರಕ್ಷಾಳಿಗೆ ಹೆಣ್ಣುಮಗು ಹುಟ್ಟಿ ಸ್ವಲ್ಪ ಕಾಲವಾಗಿತ್ತು. ಆ ಮಗುವಿನ ಹೆಸರಿನಲ್ಲಿ ಹೇಳಿಕೊಂಡ ಹರಕೆಯೊಂದು ಮಂಗಳೂರಿನ ಕಡೆಯ ದೇವಸ್ಥಾನದಲ್ಲಿ ಬಾಕಿ ಇತ್ತು. ನಾನು ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದೆ. ವಾರಿಜಕ್ಕ ಕಾರಿನ ಬಾಗಿಲು ಹಿಡಿದು ನಿಂತರು. ಮನೆಯಲ್ಲಿ ನಾವು ಆಡುವುದು ತುಳು. ಇಲ್ಲಿ ಅವರ ಮಾತನ್ನು ನಮ್ಮ ಊರಿನ ಕನ್ನಡದಲ್ಲಿಯೇ ಬರೆಯುತ್ತೇನೆ.

"ಈ ಕಾರು ತನ್ನಷ್ಟಕ್ಕೇ ಹೋಗ್ತದೆ ಅಂತ ಹೇಳ್ತಾರಲ್ಲ ಶಶಿ? ಹಾಗಾದ್ರೆ ನಾನು ಬಸ್ಸಲ್ಲೇ ಬರ್ತೇನೆ ಮಾರಾಯ್ತಿ."

"ಇಲ್ಲ ಅಕ್ಕ, ನಾನೇ ಓಡಿಸುವುದು," ಎಂದೆ.

ಅವರು ಕೂತರು. ಅಕ್ಕಿಚೀಲವನ್ನು ನೆನಪಿಸಿ, ಕಾರಿನಿಂದ ಬೈಸಿಕೊಳ್ಳುವ ಮೊದಲು ಹಾಕಿಕೊಳ್ಳುತ್ತೇನೆ ಎನ್ನುತ್ತ ತಾವೇ ಬೆಲ್ಟು ಎಳೆದುಕೊಂಡರು.

ಹೋಗುವಾಗ ನಾನೇ ಓಡಿಸಿದೆ. ಪೂಜೆ, ಊಟ ಮುಗಿಸಿ ಹೊರಡುವಾಗ ವಾರಿಜಕ್ಕ ಒಂದು ಚೆಂಡು ಮಲ್ಲಿಗೆ ಕೊಂಡರು. ಅರ್ಧವನ್ನು ತಮ್ಮ ತುರುಬಿಗೆ ಸಿಕ್ಕಿಸಿಕೊಂಡು ಉಳಿದರ್ಧ ನನಗೆ ಕೊಟ್ಟರು. ಅವರ ತುರುಬಿನ ಬಗ್ಗೆ ಹೇಳಲೇಬೇಕು. ಸೊಂಟದವರೆಗಿನ ಕೂದಲನ್ನು ಕನ್ನಡಿಯ ಕಡೆಗೆ ನೋಡದೆಯೇ ಎರಡು ಸುತ್ತು ಸುತ್ತಿ, ಕೈಯನ್ನು ಹಿಂದಕ್ಕೆ ತಂದು ಒಂದೇ ಪಿನ್ನಿನಲ್ಲಿ ನಿಲ್ಲಿಸುತ್ತಿದ್ದರು. ದಿನವೂ ಹೂ ಮುಡಿಯದೆ ಹೋಟೆಲಿನ ಗಲ್ಲಾದ ಮುಂದೆ ಕೂತವರಲ್ಲ. ನನ್ನ ಪಾಲಿನ ಹೂವನ್ನು ಆಗಲೇ ಮುಡಿಯದೆ ಪ್ರಸಾದದ ಚೀಲದ ಮೇಲಿಟ್ಟೆ. ಚೀಲವನ್ನು ಸ್ಟೇರಿಂಗಿಗೆ ಸಿಕ್ಕಿಸಿದೆ. ಎಷ್ಟು ಭಕ್ತಿ ಇವಳಿಗೆ ಎಂಬಂತೆ ವಾರಿಜಕ್ಕ ನೋಡಿದರು. ನಾನು ತಿದ್ದಲಿಲ್ಲ.

ಫರಂಗಿಪೇಟೆ ದಾಟುವಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿತು. ಬಂಟ್ವಾಳ ದಾಟಿ ಬೆಳ್ತಂಗಡಿಯ ಕಡೆಗೆ ತಿರುಗಿದ ಮೇಲೆ, ಅಗಲ ಮಾಡಿದ ರಸ್ತೆ ಸಿಕ್ಕಿತು. ಹೊಸ ಡಾಂಬರು, ಹಾಲಿನಂಥ ಬಿಳಿ ಗೆರೆ. ನಾನು ಕೈ ತೆಗೆದೆ. ಪಕ್ಕದಲ್ಲಿ ವಾರಿಜಕ್ಕ ಬಾಯಿ ಚೂರು ತೆರೆದು ಮಲಗಿದ್ದರು, ಕಾರು ತನ್ನಷ್ಟಕ್ಕೆ ಹೋಗುತ್ತಿತ್ತು. ಮಾಡಬೇಕಾದ ಪರೀಕ್ಷೆಗಳಲ್ಲಿ ಇದು ಒಂದು ಬಾಕಿ ಇತ್ತಲ್ಲ ಎಂದುಕೊಂಡೆ — ಪಕ್ಕದವರಿಗೆ ವ್ಯತ್ಯಾಸ ತಿಳಿಯುತ್ತದೋ ಇಲ್ಲವೋ ಎಂಬುದು. ಈ ಮಾತು ನನ್ನ ತಲೆಯಲ್ಲಿ ಸ್ಪಷ್ಟವಾಗಿ ಬಂದದ್ದು. ಅದನ್ನು ಇಲ್ಲಿ ಬಚ್ಚಿಡುವುದಿಲ್ಲ.

ಆಮೇಲೆ ಮಲ್ಲಿಗೆ ತೆಗೆದುಕೊಂಡೆ. ಎರಡೂ ಕೈ ಹಿಂದಕ್ಕೆ ಹಾಕಿ, ಪಿನ್ನನ್ನು ಹಲ್ಲಿನಲ್ಲಿ ಕಚ್ಚಿ, ತಲೆ ಬಗ್ಗಿಸಿ ಜಡೆಗೆ ಹೂ ಸಿಕ್ಕಿಸತೊಡಗಿದೆ. ಮುಂದೆ ಮೋರಿಯ ಕೆಲಸವೆಂದು ರಸ್ತೆಯನ್ನು ಬಲಕ್ಕೆ ತಿರುಗಿಸಿದ್ದರು. ಬೋರ್ಡು ಇತ್ತು, ಬಾಣದ ಗುರುತಿತ್ತು, ಅಡ್ಡಕ್ಕೆ ಡ್ರಮ್ಮುಗಳೂ ಇದ್ದವು. ಕಣ್ಣಿದ್ದವರು ಯಾರಾದರೂ ನೋಡುತ್ತಿದ್ದರು. ಆದರೆ ಹಳೆಯ ಬಿಳಿ ಗೆರೆ ಮಾತ್ರ ಬಲಕ್ಕೆ ತಿರುಗಿರಲಿಲ್ಲ. ಅದು ನೇರವಾಗಿ ಹೋಗಿ ಅಗೆದ ಹೊಂಡದ ಅಂಚಿನಲ್ಲಿ ಮುಗಿಯುತ್ತಿತ್ತು. ಕಾರು ಗೆರೆಯನ್ನು ನಂಬಿತು.

ಡ್ರಮ್ಮಿಗೆ ಬಡಿದ ಸದ್ದಿಗೆ ನಾನು ತಲೆ ಎತ್ತಿದೆ. ಬ್ರೇಕು ಹಾಕಿದ್ದು ನಾನೋ ಕಾರೋ — ಇಂದಿಗೂ ನನಗೆ ತಿಳಿಯದು. ಎಡಗಡೆಯ ಚಕ್ರಗಳು ಹೊಂಡಕ್ಕೆ ಇಳಿದವು, ಕಾರು ವಾಲಿತು, ವಾರಿಜಕ್ಕನ ಭುಜ ಬಾಗಿಲಿಗೆ ಅಪ್ಪಳಿಸಿತು. ಅವರಿಗೆ ಎಚ್ಚರವಾದದ್ದು ಆ ನೋವಿಗೆ. ಅವರು ಮೊದಲು ಕಂಡದ್ದು ಸ್ಟೇರಿಂಗಿನಲ್ಲಿ ಹಾಗೆಯೇ ತೂಗುತ್ತಿದ್ದ ಪ್ರಸಾದದ ಚೀಲವನ್ನು. ಒಂದು ಎಸಳು ಹೂವೂ ಚೆಲ್ಲಿರಲಿಲ್ಲ. ದೇವರೇ, ದೇವರೇ ಎಂದು ಅದನ್ನೇ ನೋಡುತ್ತಿದ್ದರು.

ಆಚೆಯ ಅಂಗಡಿಯಿಂದ ಜನ ಓಡಿ ಬಂದರು. ಬಾಗಿಲು ತೆರೆದ ಒಬ್ಬರು ಕೇಳಿದರು: "ಎಂತ ಆಯ್ತು?"

"ನಾಯಿ ಅಡ್ಡ ಬಂತು," ಎಂದೆ.

ಎಷ್ಟು ಸಲೀಸಾಗಿ ಬಂತು ಆ ನಾಯಿ! ಅದನ್ನು ಯಾರೂ ಹುಡುಕಲಿಲ್ಲ, ಬಣ್ಣ ಯಾವುದೆಂದು ಕೇಳಲಿಲ್ಲ. ನಮ್ಮ ರಸ್ತೆಗಳಲ್ಲಿ ನಾಯಿ ಅಡ್ಡ ಬರುವುದಕ್ಕೆ ಸಾಕ್ಷಿ ಬೇಕಿಲ್ಲ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರಲ್ಲ, ಹಾಗೆ ಆ ಗಳಿಗೆ ದಾಟಿಸಿಕೊಂಡೆ. ಆಸ್ಪತ್ರೆಯಲ್ಲಿ ಪ್ರಸಾದದ ಮಾತು ಬಂದಾಗ ಹೌದು ಎಂದದ್ದನ್ನು ಆಗಲೇ ಹೇಳಿದೆ. ಅವರು ಅಷ್ಟು ನೋವಿನಲ್ಲಿ ನಗುತ್ತಿದ್ದರು, ಆ ನಗುವನ್ನು ಹೇಗೆ — ಬೇಡ. ಇದು ಸಮಜಾಯಿಷಿಯಾಗುತ್ತದೆ.

ಇನ್ನೂ ಒಂದಿದೆ, ಅದು ಹೇಳಲು ಹೆಚ್ಚು ಕಷ್ಟ. ಒಳಗೆ ಅವರ ಭುಜದ ಆಪರೇಷನ್ ನಡೆಯುತ್ತಿರುವಾಗ ಹೊರಗಿನ ಬೆಂಚಿನಲ್ಲಿ ಕೂತು ನಾನು ಯೋಚಿಸುತ್ತಿದ್ದದ್ದು ಅವರ ಬಗ್ಗೆಯಲ್ಲ. ಕಾರಿಗೆ ಆ ಡ್ರಮ್ಮು ಯಾಕೆ ಕಾಣಲಿಲ್ಲ? ಕಂಡಿತ್ತೋ, ಕಂಡರೂ ಅದು ಗಾಡಿಯಲ್ಲ, ಮನುಷ್ಯನಲ್ಲ ಎಂದು ಬಿಟ್ಟಿತೋ? ಭಾವ ಬಂದು ಪಕ್ಕದಲ್ಲಿ ಕೂತು ನನ್ನ ಕೈ ಹಿಡಿದುಕೊಂಡರು, ಅಳಬೇಡ ಎಂದರು. ನಾನು ಅಳುತ್ತಿರಲಿಲ್ಲ. ಕೆಲವು ದಿನಗಳ ಮೇಲೆ ಆ ಜಾಗಕ್ಕೆ ಹೋಗಿ ಚಪ್ಪಲಿಯಿಂದ ಧೂಳು ಸರಿಸಿ ನೋಡಿದೆ. ಗೆರೆ ಅಲ್ಲೇ ಇತ್ತು, ಹೊಂಡದ ತುದಿಯವರೆಗೂ. ಕಾರಿನ ಜೊತೆ ಕೊಟ್ಟಿದ್ದ ಪುಸ್ತಕವನ್ನೂ ಆಗಲೇ ಮೊದಲ ಸಲ ತೆರೆದದ್ದು. ಸ್ಟೇರಿಂಗಿಗೆ ಯಾವ ವಸ್ತುವನ್ನೂ ತೂಗುಹಾಕಬಾರದು ಎಂದು ಅದರಲ್ಲಿ ಬರೆದಿತ್ತು. ಏರ್‌ಬ್ಯಾಗು ಇರುವುದು ಸ್ಟೇರಿಂಗಿನೊಳಗೇ. ಅದು ಬಿಚ್ಚಿಕೊಂಡರೆ ಎದುರಿಗಿದ್ದ ವಸ್ತು ಗುಂಡಿನಂತೆ ಸಿಡಿಯುತ್ತದೆ. ನಮ್ಮ ಅದೃಷ್ಟಕ್ಕೆ ಅಂದು ಅದು ಬಿಚ್ಚಿಕೊಂಡಿರಲಿಲ್ಲ. ಬಿಚ್ಚಿದ್ದರೆ ಆ ತೆಂಗಿನಕಾಯಿಯ ಕಡಿ ಯಾರ ಮುಖಕ್ಕೆ ಬರುತ್ತಿತ್ತೋ.

ಎಲುಬು ಕೂಡಿಕೊಂಡಿತು. ಆದರೆ ವಾರಿಜಕ್ಕನ ಎಡಗೈ ಭುಜಕ್ಕಿಂತ ಮೇಲೆ ಏಳಲಿಲ್ಲ. ಬಡಿಸಲು ಬರುತ್ತದೆ, ಪಾತ್ರೆ ಹಿಡಿಯಲು ಬರುತ್ತದೆ, ತುರುಬು ಕಟ್ಟಲು ಬರುವುದಿಲ್ಲ. ಕೂದಲು ಕತ್ತರಿಸಿಬಿಡುತ್ತೇನೆ ಎಂದಾಗ ಬೇಡ ಎಂದವಳು ನಾನು. ಅಂದಿನಿಂದ ಶಾಲೆಗೆ ಹೋಗುವ ಮೊದಲು ಲಾಯಿಲಕ್ಕೆ ಹೋಗಿ ಅವರ ತಲೆ ಬಾಚಿ ತುರುಬು ಕಟ್ಟಿ ಹೂ ಮುಡಿಸುತ್ತೇನೆ. ಇಂಥ ನಾದಿನಿ–ಅತ್ತಿಗೆಯರು ಎಲ್ಲಿ ಸಿಗುತ್ತಾರೆ ಎಂದು ಊರವರು ಹೇಳುವುದು ನನ್ನ ಕಿವಿಗೂ ಬಿದ್ದಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ ಇದೆಯಲ್ಲ. ನಾನು ದಿನಾ ಬೆಳಿಗ್ಗೆ ಮುಟ್ಟಿದ್ದು ಅವರ ಹೆಗಲನ್ನು.

ವಾರಿಜಕ್ಕ ಕಥೆ ಹೇಳುವುದರಲ್ಲಿ ನಿಪುಣೆ. ಬನ್ಸ್ ತಿನ್ನಲು ಬಂದವರು ಭುಜಕ್ಕೇನಾಯಿತೆಂದು ಕೇಳಿದರೆ ಸಾಕು, ನಾಯಿಯಿಂದ ಹಿಡಿದು ಪ್ರಸಾದದ ಚೀಲದವರೆಗೆ ಪೂರ್ತಿ ಹೇಳುತ್ತಿದ್ದರು. ನಾಯಿಗೆ ಬಣ್ಣ ಬಂತು, ಬಾಲ ಬಂತು. ಕೇಳಿದವರು ಕೈ ಮುಗಿದರು. ಕೆಲವು ಜೀಪು, ಟೆಂಪೊದವರು ತಮ್ಮ ಗಾಡಿಯಲ್ಲಿಯೂ ಹಾಗೆ ಚೀಲ ಕಟ್ಟಿದ್ದನ್ನು ನೋಡಿದೆ. ಆ ಹಳೆಯ ಗಾಡಿಗಳಲ್ಲಿ ಅದರಿಂದ ಅಂಥ ಅಪಾಯವಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದು ಹೀಗೆಯೇ ಇರಬೇಕು.

ಹೀಗೇ ಕಳೆದುಹೋಗುತ್ತಿತ್ತೇನೋ. ಆದರೆ ಈಚೆಗೆ ರಕ್ಷಾ ಕಾರು ತೆಗೆದುಕೊಂಡಳು. ಅವಳು ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ, ದಿನವೂ ಲಾಯಿಲದಿಂದ ಓಡಾಟ. ಮಗಳು ಪುಟ್ಟಿಯನ್ನು ಅಲ್ಲಿಯದೇ ಶಾಲೆಗೆ ಸೇರಿಸಿ ಜೊತೆಗೇ ಕರೆದುಕೊಂಡು ಹೋಗುತ್ತಾಳೆ. ನನ್ನದರಂತೆಯೇ ಗೆರೆ ನೋಡಿ ಓಡುವ ಕಾರು. ವಾಹನಪೂಜೆಯ ದಿನ ನಾನು ಶಾಲೆಯ ಕೆಲಸವೆಂದು ಹೋಗಿರಲಿಲ್ಲ. ಮಾರನೆಯ ಸಂಜೆ ಫೋನು ಮಾಡಿ ರಕ್ಷಾ ಖುಷಿಯಿಂದ ಕಾರಿನ ಗುಣಗಾನ ಮಾಡಿದಳು. ಆಮೇಲೆ ಹೇಳಿದಳು:

"ಮಾಮಿ, ಅಮ್ಮ ಸ್ಟೇರಿಂಗಿಗೆ ಪ್ರಸಾದದ ಚೀಲ ಕಟ್ಟಿದ್ದಾರೆ, ಮುಟ್ಲಿಕ್ಕಿಲ್ಲ ಅಂತ. ಒಂದು ತಮಾಷೆ ಗೊತ್ತುಂಟಾ? ಈಗ ಪುಟ್ಟಿಗೆ ಬಿಸ್ಕೆಟ್ ಕೊಡ್ಲಿಕ್ಕೆ ಹಿಂದೆ ತಿರುಗಿದ್ರೂ ಕಾರು ಕೂಗುವುದೇ ಇಲ್ಲ."

ಎಲ್ಲ ಹಾಗೆಯೇ ಇತ್ತು — ಚೀಲ, ಕಾಯಿಯ ಕಡಿ, ಸುಮ್ಮನಿರುವ ಕಾರು, ಏನೂ ತಿಳಿಯದೆ ಕೂತಿರುವ ಒಂದು ಜೀವ. ಆ ಚೀಲದಲ್ಲಿ ವಿಷ ತುಂಬಿ ಒಂದು ಮಗುವಿನ ಮುಂದೆ ತೂಗುಹಾಕಿದವಳು ನಾನು, ಕಟ್ಟಿದ್ದು ಮಾತ್ರ ಅಜ್ಜಿಯ ಕೈ. ಫೋನಿನಲ್ಲೇ ಚೀಲ ತೆಗೆ ಎಂದೆ. ಅಮ್ಮ ಬೇಜಾರು ಮಾಡಿಕೊಳ್ಳುತ್ತಾರೆ ಎಂದು ನಕ್ಕು ಅವಳು ಫೋನು ಇಟ್ಟುಬಿಟ್ಟಳು. ಕಾರಣ ಹೇಳದೆ ಅದು ಅಲ್ಲಿಂದ ಇಳಿಯುವುದಿಲ್ಲ ಎಂದು ಆಗ ಅರ್ಥವಾಯಿತು.

ಮರುದಿನ ಬೆಳಿಗ್ಗೆ, ರಕ್ಷಾ ಹೊರಡುವ ಮೊದಲೇ ತಲುಪಬೇಕೆಂದು ಬೇಗ ಹೋದೆ. ಅವಳು ಒಳಗೆ ಮಗುವಿಗೆ ಸಮವಸ್ತ್ರ ಹಾಕುತ್ತಿದ್ದಳು. ವಾರಿಜಕ್ಕ ಎಂದಿನಂತೆ ಹಿಂದಿನ ಜಗಲಿಯಲ್ಲಿ ಕೂದಲು ಬಿಚ್ಚಿ ಕೂತರು. ನಾನು ಬಾಚತೊಡಗಿದೆ. ಅವರ ಮುಖ ನನಗೆ ಕಾಣುತ್ತಿರಲಿಲ್ಲ; ಕಂಡಿದ್ದರೆ ಬಹುಶಃ ಹೇಳುತ್ತಿರಲಿಲ್ಲ.

"ಅಕ್ಕ, ಆ ದಿನ ನಾಯಿ ಬರಲಿಲ್ಲ."

ನಾನು ಉಳಿದದ್ದನ್ನೂ ಹೇಳಿದೆ. ಚೀಲ ಯಾಕೆ ಕಟ್ಟಿದೆ, ಅದಕ್ಕೂ ಮೊದಲು ಎಷ್ಟು ಸಲ ಕಟ್ಟಿದ್ದೆ, ಕಾರು ಅದನ್ನು ಹೇಗೆ ಕೈ ಎಂದು ತಿಳಿಯುತ್ತದೆ, ಬೋರ್ಡು ಇದ್ದದ್ದು, ನಾನು ನೋಡದೆ ಇದ್ದದ್ದು. ಬಾಚಣಿಗೆ ಎಲ್ಲಿ ನಿಂತಿತ್ತೋ ಅಲ್ಲೇ ನಿಂತಿತ್ತು. ಹೋಟೆಲಿನಲ್ಲಿ ಭಾವ ಯಾರಿಗೋ ಚಹಾ ಹೇಳುವುದು ಕೇಳುತ್ತಿತ್ತು.

"ಆಗ ನಿನ್ನ ಕೈ ಎಲ್ಲಿ ಇತ್ತು?" ಎಂದು ವಾರಿಜಕ್ಕ ಕೇಳಿದರು.

"ನೀವು ಕೊಟ್ಟ ಮಲ್ಲಿಗೆ ಮುಡೀತಾ ಇದ್ದೆ."

ಅವರ ಬಲಗೈ ಮೇಲೆದ್ದು ಎಡಭುಜದ ಮೇಲೆ ಕೂತಿತು. "ನನಗೆ ಗಾಡಿಯಲ್ಲಿ ನಿದ್ದೆ ಬರುವುದಿಲ್ಲ ಶಶಿ," ಎಂದರು. "ಬಸ್ಸಲ್ಲಿ ಸಹ ಬರುವುದಿಲ್ಲ. ಆ ದಿನ ನೀನು ಓಡಿಸ್ತಾ ಇದ್ದಿ ಅಂತ ಮಲಗಿದ್ದು."

ಅವರು ರಕ್ಷಾಳನ್ನು ಕರೆದರು. ಆ ಚೀಲ ತೆಗೆದುಕೊಂಡು ಬಾ, ಪ್ರಸಾದ ಇರುವುದು ತಿನ್ನಲಿಕ್ಕೆ ಎಂದರು. ಯಾಕೆಂದು ಅವಳು ಕೇಳಿದಾಗ ನನ್ನ ಕಡೆಗೆ ನೋಡದೆ, ಮಾಮಿ ಹೇಳುತ್ತಾಳೆ ಎಂದರು. ಹೀಗೆ ಅದನ್ನೆಲ್ಲ ಎರಡನೆಯ ಸಲ ಹೇಳಬೇಕಾಯಿತು. ಈ ಸಲ ಮುಖಗಳು ಕಾಣುತ್ತಿದ್ದವು. ರಕ್ಷಾ ಕೇಳುತ್ತ ಕೇಳುತ್ತ ಪುಟ್ಟಿಯನ್ನು ತನ್ನ ಹತ್ತಿರಕ್ಕೆ ಎಳೆದುಕೊಂಡಳು. ಚೀಲ ತಂದು ಅಮ್ಮನ ಕೈಯಲ್ಲಿಟ್ಟು ಮಗುವಿನೊಂದಿಗೆ ಹೊರಟಳು.

ಬಾಚುವುದು ಅರ್ಧಕ್ಕೇ ನಿಂತಿತ್ತಲ್ಲ, ನಾನು ಮತ್ತೆ ಕೂದಲಿಗೆ ಕೈ ಹಾಕಿದೆ. ವಾರಿಜಕ್ಕ ತಲೆಯನ್ನು ಮುಂದಕ್ಕೆ ತೆಗೆದುಕೊಂಡರು.

"ಇವತ್ತು ಹೀಗೇ ಇರಲಿ," ಎಂದರು. ಎದ್ದು ಬಾಗಿಲವರೆಗೆ ಹೋಗಿ ತಿರುಗಿದರು. "ದೇವರು ಕಾಪಾಡಿದ್ದು ಹೌದು. ಯಾರಿಂದ ಅಂತ ನನಗೆ ಗೊತ್ತಿರಲಿಲ್ಲ."

ಅಂದು ಅವರು ಬಿಚ್ಚಿದ ಕೂದಲಲ್ಲೇ, ಹೂವಿಲ್ಲದೆ ಗಲ್ಲಾದಲ್ಲಿ ಕೂತರು. ಮರುದಿನ ನಾನು ಹೋದಾಗ ರಕ್ಷಾ ಅವರ ಕೂದಲನ್ನು ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿ ಆಗಿತ್ತು. ಈಗಲೂ ಹಾಗೆಯೇ. ನಾನು ಹೋಗುವುದನ್ನು ಬಿಟ್ಟಿಲ್ಲ. ಬಾಚಣಿಗೆ ಕಿಟಕಿಯ ಮೇಲೆ ಅದೇ ಜಾಗದಲ್ಲಿರುತ್ತದೆ, ನಾನು ಅದನ್ನು ಮುಟ್ಟುವುದಿಲ್ಲ, ಕೇಳುವುದೂ ಇಲ್ಲ. ಹೋಟೆಲಿನ ಬೆಂಚಿನಲ್ಲಿ ಕೂತು ಒಂದು ಚಹಾ ಕುಡಿದು ಶಾಲೆಗೆ ಹೋಗುತ್ತೇನೆ. ಕಾರಿನಲ್ಲಿ ಯಾರೇ ಕೂರಲಿ, ಹೊರಡುವ ಮೊದಲು ಓಡಿಸುವುದು ಯಾರು ಎಂದು ಅವರಿಗೆ ಹೇಳುತ್ತೇನೆ, ಆಮೇಲೆ ಎರಡೂ ಕೈಯಲ್ಲಿ ಹಿಡಿದುಕೊಂಡು ನಾನೇ ಓಡಿಸುತ್ತೇನೆ. ಕುತೂಹಲ ಸತ್ತಿಲ್ಲ. ಇಂಥ ಕಾರುಗಳು ಮುಂದೆ ಏನೇನು ಕಲಿಯುತ್ತವೋ ಎಂದು ಈಗಲೂ ಓದುತ್ತಿರುತ್ತೇನೆ. ಪಕ್ಕದಲ್ಲಿ ಮಲಗಿದವರನ್ನು ಮಾತ್ರ ಇನ್ನು ಪರೀಕ್ಷೆಗೆ ಇಡುವುದಿಲ್ಲ.

ವಾರಿಜಕ್ಕ ಈಗ ಆ ಕಥೆ ಹೇಳುವುದಿಲ್ಲ. ಆದರೆ ಕೇಳಿದವರು ಮರೆತಿಲ್ಲವಲ್ಲ. ಮೊನ್ನೆ ಒಬ್ಬ ಟೆಂಪೊ ಚಾಲಕ ಚಹಾ ಕುಡಿಯುತ್ತ, ಪ್ರಸಾದದ ಚೀಲದ ವಿಷಯವನ್ನು ಜೊತೆಯವನಿಗೆ ಹೇಳಿ ಎಂದು ವಾರಿಜಕ್ಕನನ್ನು ಕೇಳಿದ. ಅವರು ತಲೆ ತಗ್ಗಿಸಿ ಬಾಳೆಲೆ ಒರೆಸತೊಡಗಿದರು. ನಾನು ಲೋಟ ಕೆಳಗಿಟ್ಟು ಎದ್ದು ನಿಂತೆ. ಅದನ್ನು ನಾನು ಹೇಳುತ್ತೇನೆ ಎಂದೆ. ನಾಯಿ ಇರಲಿಲ್ಲ ಎಂಬಲ್ಲಿಂದ ಶುರುಮಾಡಿ ಎಲ್ಲವನ್ನೂ ಹೇಳಿದೆ, ಅಕ್ಕಪಕ್ಕದ ಮೇಜಿನವರಿಗೂ ಕೇಳುವಷ್ಟು ಗಟ್ಟಿಯಾಗಿ.

ಆತ ಪೂರ್ತಿ ಕೇಳಿಸಿಕೊಂಡು ಕೇಳಿದ: "ಹಾಗಾದ್ರೆ ಟೀಚರೇ, ಆಗ ಗಾಡಿ ಓಡಿಸ್ತಾ ಇದ್ದದ್ದು ಯಾರು?"

ಗಲ್ಲಾದಲ್ಲಿ ಬಾಳೆಲೆ ಒರೆಸುವ ಕೈ ನಿಂತಿತು.

"ಯಾರೂ ಇಲ್ಲ," ಎಂದೆ.